ನಡುಗಡ್ಡೆಗಳ ನಡುವೆ ಒಂದು ವಾರ

ಸದಾಶಿವಗಡದ ಗುಡ್ಡವನ್ನೇರಿ ಪಡುವಲಕ್ಕೆ ಮುಖಮಾಡಿ ನಿಂತವರಿಗೆ ಕಾಳಿ ನದಿ ಕಡಲನ್ನು ಸೇರುವ ಅಳಿವೆ ಅಂಗೈಯಲ್ಲಿ ಇಟ್ಟಂತೆ ಕಾಣುತ್ತದೆ. ಈಚೆ ದಡದಲ್ಲಿ ಸೋಂದೆಯ ಅರಸರು ಕಟ್ಟಿಸಿದ ಕೋಟೆಯ ಅಳಿದುಳಿದ ಗೋಡೆ, ದುರ್ಗಾದೇವಿಯ ಗುಡಿ. ಆಚೆ ದಡದಲ್ಲಿ ಕೋಡಿಬಾಗ, ಅದರ ಬೆನ್ನಿಗೆ ಕಾರವಾರ. ಇವೆರಡರ ನಡುವೆ ಹರಿದುಹೋಗುವ ನೀರು ಒಮ್ಮೆಗೇ ವಿಶಾಲವಾಗಿ ಬೆಳೆದು ಸಮುದ್ರವಾಗುತ್ತದೆ. ಆ ಸಮುದ್ರದ ಮೇಲೆ ಆಮೆಯೊಂದು ಬೆನ್ನು ತೋರಿಸಿ ಮಲಗಿದಂತೆ ಕೂರ್ಮಗಡ. ಅದರಿಂದಾಚೆ ದೀಪಸ್ತಂಭವನ್ನು ಹೊತ್ತ ದೇವಗಡ. ಇದನ್ನು ಕಂಡವರಿಗೆ, ಒಂದು ದೋಣಿಯನ್ನು ಗೊತ್ತುಮಾಡಿಕೊಂಡು ಒಂದು ವಾರ ಈ ನಡುಗಡ್ಡೆಗಳ ನಡುವೆ ಕಳೆದರೆ ಹೇಗೆ ಎಂಬ ಆಸೆ ಹುಟ್ಟದಿದ್ದರೆ ಆಶ್ಚರ್ಯ. ಆಸೆ ಒಳ್ಳೆಯದೇ. ಆದರೆ ಕಡಲಿನ ಮೇಲೆ ಆಸೆ ದೋಣಿ ನಡೆಸುವುದಿಲ್ಲ, ಲೆಕ್ಕ ನಡೆಸುತ್ತದೆ. ಆ ಲೆಕ್ಕವನ್ನು ಹೇಗೆ ಹಾಕಬೇಕು ಎಂಬುದೇ ಈ ಮಾತುಕತೆಯ ವಿಷಯ.

ಪ್ರಪಂಚದ ಬೇರೆ ಬೆಚ್ಚನೆಯ ಕಡಲುಗಳಲ್ಲಿ ಇಂಥ ವಿಹಾರ ಈಗ ದೊಡ್ಡ ಉದ್ಯಮವೇ ಆಗಿದೆ. ಕೆರಿಬಿಯನ್ ಸಮುದ್ರದ ವರ್ಜಿನ್ ದ್ವೀಪಗಳಲ್ಲಿ, ಆಸ್ಟ್ರೇಲಿಯದ ವಿಟ್‌ಸಂಡೇ ದ್ವೀಪಗಳಲ್ಲಿ ಹಾಯಿ ಕಟ್ಟಿದ ವಿಹಾರ ನೌಕೆಗಳನ್ನು ವಾರಕ್ಕಿಷ್ಟು ಎಂದು ಬಾಡಿಗೆಗೆ ಕೊಡುತ್ತಾರೆ. ಬೇಕಾದರೆ ನಾವಿಕನ ಸಮೇತ ಕೊಡುತ್ತಾರೆ. ದೋಣಿ ನಡೆಸಬಲ್ಲವರಿಗೆ ಬರಿಯ ದೋಣಿಯನ್ನೇ ಒಪ್ಪಿಸುವುದೂ ಉಂಟು. ಅಲ್ಲಿ ಅದು ಸಾಧ್ಯವಾಗಿರುವುದಕ್ಕೆ ಭೂಗೋಳವೇ ಕಾರಣ. ವಿಟ್‌ಸಂಡೇಯಲ್ಲಿ ೭೪ ದ್ವೀಪಗಳು ಒಂದರ ಪಕ್ಕದಲ್ಲೊಂದು ಕೂತಿವೆ. ವರ್ಜಿನ್ ದ್ವೀಪಗಳ ನಡುವೆ ಎರಡೂ ಕಡೆ ಗುಡ್ಡಗಳ ಆಸರೆಯಿರುವ ಅಗಲವಾದ ಕಾಲುವೆಯಿದೆ. ಒಂದು ದ್ವೀಪದಲ್ಲಿ ಲಂಗರೆತ್ತಿದಾಗಲೇ ಇನ್ನೊಂದು ಕಣ್ಣಿಗೆ ಬೀಳುತ್ತದೆ. ಗಾಳಿ ಕೆಟ್ಟರೆ ಮಗ್ಗುಲಿನ ಕೊಲ್ಲಿಗೆ ಸರಿದು ನಿಲ್ಲಬಹುದು.

ನಮ್ಮ ಉತ್ತರ ಕನ್ನಡದ ಕಡಲು ಹಾಗಲ್ಲ. ಇಲ್ಲಿ ನಡುಗಡ್ಡೆಗಳು ಕೆಲವೇ. ಕಾರವಾರದ ಮುಂದಿನ ಗುಂಪನ್ನು ಬಿಟ್ಟರೆ ಹೊನ್ನಾವರದ ಬಳಿ ಬಸವರಾಜದುರ್ಗ, ಮುರುಡೇಶ್ವರದ ಆಚೆ ನೇತ್ರಾಣಿ. ಸದಾಶಿವಗಡದಿಂದ ನೇತ್ರಾಣಿಗೆ ಸುಮಾರು ೯೦ ಕಿಲೋಮೀಟರು ಅಂತರ. ಈ ನಡುಗಡ್ಡೆಗಳ ಮಗ್ಗುಲಲ್ಲಿ ರಾತ್ರಿ ನಿಶ್ಚಿಂತೆಯಿಂದ ಲಂಗರು ಹಾಕುವ ಜಾಗ ಇಲ್ಲವೆಂದೇ ಎಣಿಸಬೇಕು. ನಮಗೆ ಆಸರೆ ಕೊಡುವವು ದಡದ ಕೊಲ್ಲಿಗಳು ಮತ್ತು ಹೊಳೆಗಳ ಅಳಿವೆಗಳು. ಆದ್ದರಿಂದ ಹಗಲು ನಡುಗಡ್ಡೆ, ಇರುಳು ದಡ ಎಂಬುದು ಇಲ್ಲಿಯ ಮೊದಲ ನಿಯಮ. ಹೊಳೆಯೊಳಗೆ ಹೋಗಿ ಬರಬೇಕೆಂದ ಮೇಲೆ ಅಳಿವೆಯ ಬಾಗಿಲು ಯಾವಾಗ ತೆರೆದಿರುತ್ತದೆ, ಯಾವಾಗ ಮುಚ್ಚಿರುತ್ತದೆ ಎಂಬುದನ್ನು ತಿಳಿದಿರಬೇಕು.

ಪಯಣದ ಯೋಜನೆ ಮಾಡುವವರು ಸಾಮಾನ್ಯವಾಗಿ ಮೊದಲನೆಯ ದಿನದಿಂದ ಆರಂಭಿಸುತ್ತಾರೆ. ಎಂದು ಹೊರಡೋಣ, ಮೊದಲು ಎಲ್ಲಿಗೆ, ಆಮೇಲೆ ಎಲ್ಲಿಗೆ ಎಂದು ಬರೆಯುತ್ತಾ ಹೋಗಿ, ಕಾಗದದ ಕೊನೆಯಲ್ಲಿ "ಏಳನೆಯ ದಿನ ಮರಳಿ ಬರುವುದು" ಎಂದು ಒಂದು ಸಾಲು ಬರೆದು ಮುಗಿಸುತ್ತಾರೆ. ಕಡಲಿನ ಪಯಣಕ್ಕೆ ಈ ಕ್ರಮ ತಲೆಕೆಳಗು. ಇಲ್ಲಿ ಮೊದಲು ಬರೆಯಬೇಕಾದದ್ದು ಆ ಕೊನೆಯ ಸಾಲನ್ನೇ. ಮರಳಿ ಬರುವ ದಿನ, ಮರಳಿ ಬರುವ ಗಳಿಗೆ ನಿಶ್ಚಯವಾದ ಮೇಲೆ ಹಿಂದಕ್ಕೆ ಎಣಿಸುತ್ತಾ ಬಂದರೆ ಹೊರಡುವ ದಿನ ತಾನಾಗಿ ಗೊತ್ತಾಗುತ್ತದೆ. ಇದಕ್ಕೆ ಮೂರು ಕಾರಣಗಳಿವೆ: ಉಬ್ಬರವಿಳಿತ, ಗಾಳಿ, ಋತುಮಾನ.

ಉಬ್ಬರವಿಳಿತವನ್ನು ಮೊದಲು ನೋಡೋಣ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಬಾರಿ ನೀರು ಏರುತ್ತದೆ, ಎರಡು ಬಾರಿ ಇಳಿಯುತ್ತದೆ. ಎರಡೂ ಏರುಗಳು ಒಂದೇ ಸಮನಾಗಿರುವುದಿಲ್ಲ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು ೧೨ ಗಂಟೆ ೨೫ ನಿಮಿಷ. ಹೀಗಾಗಿ ಇಂದು ಬಂದ ಉಬ್ಬರ ನಾಳೆ ಸುಮಾರು ೫೦ ನಿಮಿಷ ತಡವಾಗಿ ಬರುತ್ತದೆ. ಚಂದ್ರನು ದಿನವೂ ತಡವಾಗಿ ಹುಟ್ಟುವುದಕ್ಕೂ ಇದಕ್ಕೂ ನಂಟುಂಟು. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ.

ಈಗ ಲೆಕ್ಕಕ್ಕಾಗಿ ಹುಣ್ಣಿಮೆಯ ದಿನ ಬೆಳಗಿನ ೧೧ ಗಂಟೆಗೆ ಅಳಿವೆಯಲ್ಲಿ ನೀರು ತುಂಬಿದೆ ಎಂದಿಟ್ಟುಕೊಳ್ಳಿ. ದಿನಕ್ಕೆ ೫೦ ನಿಮಿಷದಂತೆ ಏಳು ದಿನಕ್ಕೆ ೩೫೦ ನಿಮಿಷ, ಅಂದರೆ ಆರು ಗಂಟೆಗೆ ಹತ್ತು ನಿಮಿಷ ಮಾತ್ರ ಕಡಿಮೆ. ಉಬ್ಬರದಿಂದ ಇಳಿತಕ್ಕೆ ಇರುವ ಅಂತರವೂ ಸುಮಾರು ಆರು ಗಂಟೆಯೇ. ಹಾಗಾದರೆ ಆದದ್ದೇನು? ಒಂದು ವಾರ ಕಳೆದ ಮೇಲೆ ಅದೇ ೧೧ ಗಂಟೆಗೆ ಅದೇ ಅಳಿವೆಯಲ್ಲಿ ನೀರು ತಳಕಂಡಿರುತ್ತದೆ. "ಹೋಗುವಾಗ ಹನ್ನೊಂದಕ್ಕೆ ಸುಖವಾಗಿ ದಾಟಿದೆವು, ಬರುವಾಗಲೂ ಹನ್ನೊಂದಕ್ಕೇ ಬಂದರಾಯಿತು" ಎಂದುಕೊಂಡವರಿಗೆ ಹೋಗುವಾಗ ಇದ್ದ ನೀರು ಇರುವುದಿಲ್ಲ, ಹೋಗುವಾಗ ಮುಳುಗಿದ್ದ ಮರಳ ದಿಬ್ಬ ಎದುರಿಗೆ ಬರುತ್ತದೆ. ಒಂದು ದಿನದ ಪಯಣಕ್ಕೆ, ಎರಡು ವಾರದ ಪಯಣಕ್ಕೆ ಇಲ್ಲದ ಈ ತೊಡಕು ಸರಿಯಾಗಿ ಒಂದು ವಾರದ ಪಯಣಕ್ಕೆ ಉಂಟು.

ಇಳಿತದಲ್ಲಿ ನೀರು ಕಡಿಮೆಯಾಗುವುದಷ್ಟೇ ಅಪಾಯವಲ್ಲ. ಇಳಿತದ ಹೊತ್ತಿನಲ್ಲಿ ಹೊಳೆಯ ನೀರು ರಭಸದಿಂದ ಹೊರಗೆ ಓಡುತ್ತದೆ. ಮಧ್ಯಾಹ್ನದ ಮೇಲೆ ಕಡಲಗಾಳಿ ಅದಕ್ಕೆ ಎದುರಾಗಿ ಒಳಗೆ ಬೀಸುತ್ತದೆ. ಎರಡೂ ಅಳಿವೆಯ ಬಾಯಲ್ಲಿ ಸೇರಿದಾಗ ಅಲೆಗಳು ಗಿಡ್ಡವಾಗಿ, ಕಡಿದಾಗಿ ಎದ್ದು ದಿಬ್ಬದ ಮೇಲೆ ಮುರಿಯುತ್ತವೆ. ಹೊರಗಡಲಿನಲ್ಲಿ ತೊಟ್ಟಿಲಂತೆ ತೂಗುತ್ತಿದ್ದ ದೋಣಿ ಮನೆಯ ಹೊಸಿಲಿಗೆ ಬಂದು ತತ್ತರಿಸುವುದು ಇಲ್ಲಿಯೇ. ಏರುನೀರಿನಲ್ಲಾದರೋ ಪ್ರವಾಹವೂ ಗಾಳಿಯೂ ಒಂದೇ ಕಡೆಗೆ ಹೋಗುವುದರಿಂದ ಅಲೆ ಉದ್ದವಾಗಿ, ಸೌಮ್ಯವಾಗಿ ಇರುತ್ತದೆ. ಹೊನ್ನಾವರದಲ್ಲಿ ಶರಾವತಿಯ ಅಳಿವೆಯನ್ನು ಬಲ್ಲ ಮೀನುಗಾರರನ್ನು ಕೇಳಿದರೆ ಈ ಮಾತಿನ ಬೆಲೆ ತಿಳಿಯುತ್ತದೆ.

ಆದ್ದರಿಂದ ನಮ್ಮ ಸಲಹೆ ಇಷ್ಟು: ಶುಕ್ಲಪಕ್ಷದ ಅಷ್ಟಮಿಯಂದು ಹೊರಡಿ, ಹುಣ್ಣಿಮೆಯ ಮುನ್ನಾದಿನ ಮರಳಿ ಬನ್ನಿ. ಮೇಲಿನ ಲೆಕ್ಕದಂತೆ ಅಷ್ಟಮಿಯ ಬೆಳಗಿನ ಜಾವ ಐದರ ಹೊತ್ತಿಗೆ ಉಬ್ಬರ. ಆರು ಗಂಟೆಗೆ ಬೆಳಕು ಹರಿಯುವಾಗ ಇಳಿತ ಆಗಷ್ಟೇ ಆರಂಭವಾಗಿರುತ್ತದೆ. ಅಳಿವೆಯಲ್ಲಿ ನೀರು ಸಾಕಷ್ಟಿರುತ್ತದೆ, ಹೊಳೆಯೇ ನಿಮ್ಮನ್ನು ಹೊರಗೆ ಕಳುಹಿಸಿಕೊಡುತ್ತದೆ. ಏಳನೆಯ ದಿನ, ಚತುರ್ದಶಿಯಂದು, ಬೆಳಗಿನ ಹತ್ತರ ಹೊತ್ತಿಗೆ ತುಂಬಿದ ಉಬ್ಬರ. ಕಡಲಗಾಳಿ ಬಲಿಯುವ ಮೊದಲೇ ಒಳಗೆ ಬರಬಹುದು. ಇನ್ನೊಂದು ಲಾಭವೂ ಉಂಟು. ವಾರವಿಡೀ ಬೆಳದಿಂಗಳು ಬೆಳೆಯುತ್ತಾ ಹೋಗುತ್ತದೆ. ಹುಣ್ಣಿಮೆಯ ದಿನವನ್ನು ಯಾವ ಕೆಲಸಕ್ಕೂ ಗೊತ್ತುಮಾಡದೆ ಕೈಯಲ್ಲಿ ಉಳಿಸಿಕೊಳ್ಳಬೇಕು. ಗಾಳಿ ಒಪ್ಪದಿದ್ದರೆ ಒಂದು ದಿನ ತಡೆದು ಬರಲು ಅದು ಬೇಕಾಗುತ್ತದೆ. ಸರಿಯಾದ ವೇಳೆಗಳನ್ನು ಮಾತ್ರ ಭಾರತೀಯ ಸರ್ವೇಕ್ಷಣಾ ಇಲಾಖೆ ವರ್ಷವರ್ಷವೂ ಪ್ರಕಟಿಸುವ ಉಬ್ಬರವಿಳಿತದ ಪಟ್ಟಿಯಲ್ಲಿ ನೋಡಿಯೇ ಬರೆದುಕೊಳ್ಳಬೇಕು. ಇಲ್ಲಿ ಹೇಳಿದ ಗಂಟೆಗಳು ಲೆಕ್ಕದ ಕ್ರಮವನ್ನು ತೋರಿಸುವುದಕ್ಕೆ ಮಾತ್ರ.

ಎರಡನೆಯದು ಗಾಳಿ. ಚಳಿಗಾಲದ ತಿಂಗಳುಗಳಲ್ಲಿ ಇರುಳೆಲ್ಲ ತಣಿದ ನೆಲದಿಂದ ಕಡಲ ಕಡೆಗೆ ಮೂಡುಗಾಳಿ ಬೀಸುತ್ತದೆ. ಬೆಳಗಿನ ಒಂಬತ್ತು ಹತ್ತರವರೆಗೆ ಕಡಲು ಕನ್ನಡಿಯಂತಿರುತ್ತದೆ. ಬಿಸಿಲೇರಿದ ಮೇಲೆ ಗಾಳಿ ತಿರುಗಿ ವಾಯವ್ಯದಿಂದ ಬರುತ್ತದೆ. ಸಂಜೆಯವರೆಗೂ ಅದರದೇ ಆಳ್ವಿಕೆ. ಹಿಂದಿನ ಕಾಲದ ಹಾಯಿದೋಣಿಗಳು ಈ ಎರಡು ಗಾಳಿಗಳನ್ನು ನಂಬಿಯೇ ಕರಾವಳಿಯ ಉದ್ದಕ್ಕೂ ವ್ಯಾಪಾರ ನಡೆಸಿದವು. ಇದರ ಅರ್ಥವೇನೆಂದರೆ, ಸದಾಶಿವಗಡದಿಂದ ತೆಂಕಣಕ್ಕೆ ಹೋಗುವಾಗ ಮಧ್ಯಾಹ್ನದ ಗಾಳಿ ಬೆನ್ನಿಗಿರುತ್ತದೆ, ಬಡಗಣಕ್ಕೆ ಮರಳುವಾಗ ಮುಖಕ್ಕೆ ಹೊಡೆಯುತ್ತದೆ. ಹೋಗುವುದು ಸುಲಭ, ಬರುವುದು ಕಷ್ಟ. ಆದ್ದರಿಂದ ಹೋಗುವಾಗ ಮಧ್ಯಾಹ್ನವನ್ನು ಬಳಸಬಹುದು. ಬರುವ ದಾರಿಯನ್ನು ಬೆಳಗಿನ ಹೊತ್ತಿನಲ್ಲಿಯೇ, ತುಂಡು ತುಂಡಾಗಿ ಮುಗಿಸಬೇಕು.

ಮೂರನೆಯದು ಋತು. ಜೂನ್ ೧ರಿಂದ ಜುಲೈ ೩೧ರವರೆಗೆ ೬೧ ದಿನ ಪಶ್ಚಿಮ ಕರಾವಳಿಯಲ್ಲಿ ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮೀನು ಮರಿಮಾಡುವ ಕಾಲವೆಂಬುದು ಅದರ ಮುಖ್ಯ ಕಾರಣ. ಆ ಕಾಲದ ಕಡಲು ಹೇಗಿರುತ್ತದೆಂಬುದನ್ನು ದಡದ ಮೇಲೆ ನಿಂತವರೂ ಬಲ್ಲರು. ನೂಲುಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಮೀನುಗಾರರು ಹೊಸ ವರ್ಷದ ಕಸುಬನ್ನು ಆರಂಭಿಸುತ್ತಾರೆ. ಆದರೆ ವಿಹಾರಕ್ಕೆ ಹೋಗುವವರು ಇನ್ನೂ ಕಾಯುವುದು ಮೇಲು. ಅಕ್ಟೋಬರಿನಿಂದ ಡಿಸೆಂಬರಿನ ಮೊದಲ ಭಾಗದವರೆಗೆ ಅರಬ್ಬೀ ಸಮುದ್ರದಲ್ಲಿ ಚಂಡಮಾರುತಗಳು ಹುಟ್ಟುವ ಕಾಲ. ೨೦೧೭ರ ಓಖಿ, ೨೦೧೯ರ ಅಕ್ಟೋಬರಿನ ಕ್ಯಾರ್ ಹೀಗೆ ಬಂದವು. ಮಳೆಗಾಲಕ್ಕೆ ಮುಂಚಿನ ಮೇ ತಿಂಗಳೂ ನಂಬಿಕೆಯದಲ್ಲ. ೨೦೨೧ರ ತೌಕ್ತೆ ಮೇ ತಿಂಗಳಲ್ಲಿಯೇ ನಮ್ಮ ಕರಾವಳಿಯನ್ನು ಬಡಿಯಿತು. ಡಿಸೆಂಬರಿನ ನಡುವಿನಿಂದ ಫೆಬ್ರವರಿಯ ಕೊನೆಯವರೆಗೆ ಎರಡು ಮೂರು ಶುಕ್ಲಪಕ್ಷಗಳು ಸಿಗುತ್ತವೆ. ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳಿ.

ಇನ್ನು ದೋಣಿಯ ಮಾತು. ಮೀನುಗಾರಿಕೆಗೆಂದು ನೋಂದಾಯಿಸಿದ ದೋಣಿ ಬೇರೆ, ಜನರನ್ನು ಕರೆದೊಯ್ಯಲು ಪರವಾನಗಿ ಪಡೆದ ದೋಣಿ ಬೇರೆ. ಬಾಡಿಗೆ ಮಾತನಾಡುವ ಮೊದಲೇ ಪರವಾನಗಿಯ ಕಾಗದ, ಅದರಲ್ಲಿ ಬರೆದ ಜನರ ಸಂಖ್ಯೆ, ವಿಮೆ, ನಡೆಸುವವರ ಅರ್ಹತೆ ಇವನ್ನು ನೋಡಬೇಕು. ಕೇಳುವುದಕ್ಕೆ ಸಂಕೋಚ ಬೇಡ. ಒಳ್ಳೆಯ ತಾಂಡೇಲನು ಇಂಥ ಪ್ರಶ್ನೆಯಿಂದ ಬೇಸರಪಡುವುದಿಲ್ಲ. ಬೇಸರಪಟ್ಟರೆ ಆ ದೋಣಿಯನ್ನು ಬಿಟ್ಟುಬಿಡಿ. ತಾಂಡೇಲನೆಂದರೆ ದೋಣಿಯ ಯಜಮಾನಿಕೆ ನಡೆಸುವ ನಾವಿಕ. ಒಮ್ಮೆ ದೋಣಿ ಹತ್ತಿದ ಮೇಲೆ "ಇವತ್ತು ಬೇಡ" ಎಂದು ಅವನು ಹೇಳಿದರೆ ಅದೇ ಕೊನೆಯ ಮಾತು. ಹಣ ಕೊಟ್ಟವರು ನಾವು ಎಂಬ ಅಧಿಕಾರ ದಡದಲ್ಲಿಯೇ ಉಳಿಯಬೇಕು. ಬಾಡಿಗೆಯ ಕರಾರಿನಲ್ಲಿಯೇ ಇದನ್ನು ಸೇರಿಸಿ: ಹವೆ ಕೆಟ್ಟು ದೋಣಿ ನಿಂತ ದಿನಕ್ಕೂ ತಾಂಡೇಲನಿಗೂ ಅವನ ಜೊತೆಯವರಿಗೂ ಪೂರ್ತಿ ಕೂಲಿ ಸಲ್ಲತಕ್ಕದ್ದು. ನಿಂತರೆ ನಷ್ಟ ಎಂಬ ಸ್ಥಿತಿಯಲ್ಲಿ ಒಬ್ಬ ಬಡ ನಾವಿಕನನ್ನು ಇಟ್ಟು, ಅವನಿಂದ ನಿಜವಾದ ಸಲಹೆಯನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಜನರ ಸಂಖ್ಯೆಯ ವಿಷಯವನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೂರ್ಮಗಡದಲ್ಲಿ ನರಸಿಂಹ ದೇವರ ಗುಡಿಯುಂಟು. ಪುಷ್ಯ ಹುಣ್ಣಿಮೆಯ ಜಾತ್ರೆಗೆ ಸಾವಿರಾರು ಜನ ದೋಣಿಗಳಲ್ಲಿ ಹೋಗಿಬರುತ್ತಾರೆ. ಮೀನುಗಾರರ ಹರಕೆಯ ದೇವರು ಅವನು. ೨೦೧೯ರ ಜನವರಿ ೨೧ರ ಜಾತ್ರೆಯ ದಿನ ಅಲ್ಲಿಂದ ಮರಳುತ್ತಿದ್ದ ದೋಣಿಯೊಂದು ಅಲೆಗೆ ಸಿಕ್ಕಿ ಮಗುಚಿತು. ೧೬ ಜನ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ಹಾವೇರಿ ಜಿಲ್ಲೆಯಿಂದ ಬಂದ, ಕಡಲಿನ ರೂಢಿಯಿಲ್ಲದ ಬಂಧುಬಳಗದವರೇ ಅವರಲ್ಲಿ ಹೆಚ್ಚು. ದೋಣಿಯಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಜನರಿದ್ದರು. ಮೈಮೇಲೆ ಜೀವರಕ್ಷಕ ಜಾಕೀಟು ಇರಲಿಲ್ಲ. ದಡವು ಕಣ್ಣಿಗೆ ಕಾಣುತ್ತಿದ್ದ ಜಾಗ ಅದು. ಹೋಗುವಾಗ ಎಲ್ಲರಿಗೂ ಕ್ಷೇಮವಾಗಿದ್ದ ಕಡಲೇ ಅದು. ಆ ದಿನವನ್ನು ನೆನೆಯುವಾಗ ನಮ್ಮ ಮನಸ್ಸಿನಲ್ಲಿ ಉಳಿಯಬೇಕಾದದ್ದು ಭಯವಲ್ಲ. ಜಾಕೀಟು ಪೆಟ್ಟಿಗೆಯಲ್ಲಿದ್ದರೆ ಸಾಲದು, ಮೈಮೇಲೆ ಕಟ್ಟಿರಬೇಕೆಂಬ, ಪರವಾನಗಿಯಲ್ಲಿ ಬರೆದ ಸಂಖ್ಯೆಗಿಂತ ಒಂದು ಮಗು ಕೂಡ ಹೆಚ್ಚಾಗಬಾರದೆಂಬ ಎಚ್ಚರ.

ಈಗ ವಾರದ ದಾರಿಯನ್ನು ಬರೆಯೋಣ. ದೋಣಿ ಗಂಟೆಗೆ ಹತ್ತು ಕಿಲೋಮೀಟರು ನಡೆಯುತ್ತದೆಂದು ಇಟ್ಟುಕೊಳ್ಳೋಣ.

ಮೊದಲನೆಯ ದಿನ ಸೂರ್ಯೋದಯಕ್ಕೆ ಸದಾಶಿವಗಡದ ದಡ ಬಿಟ್ಟು ಅಳಿವೆಯನ್ನು ದಾಟಿ ಕೂರ್ಮಗಡದ ಕಡೆಗೆ. ಈ ನೀರಿನಲ್ಲಿ ಡಾಲ್ಫಿನ್ನುಗಳು ಕಾಣಸಿಗುವುದುಂಟು. ಅವುಗಳನ್ನು ಅಟ್ಟಿಕೊಂಡು ಹೋಗದೆ, ಯಂತ್ರವನ್ನು ನಿಧಾನಮಾಡಿ ನಿಂತರೆ ಅವೇ ಹತ್ತಿರ ಬಂದಾವು. ಆಚೆಗಿರುವ ದೇವಗಡದ ದೀಪಸ್ತಂಭ ೧೮೬೪ರಲ್ಲಿ ಕಟ್ಟಿದ್ದು. ದೂರದಿಂದಲೇ ನೋಡಿ ತೃಪ್ತಿಪಡಬೇಕು. ಗಾಳಿ ತಿರುಗುವ ಮೊದಲು ಕಾರವಾರದ ಕೊಲ್ಲಿಗೆ ಬಂದು ಬೈತಖೋಲದ ಆಸರೆಯಲ್ಲಿ ರಾತ್ರಿ ಕಳೆಯಬಹುದು. ಮೊದಲ ದಿನವನ್ನು ಹೀಗೆ ಹತ್ತಿರದಲ್ಲಿಯೇ ಇಟ್ಟುಕೊಳ್ಳುವುದರಲ್ಲಿ ಅರ್ಥವಿದೆ. ಯಾರಿಗೆ ಕಡಲ ಹೊಯ್ದಾಟ ಒಗ್ಗುವುದಿಲ್ಲ, ಯಂತ್ರದಲ್ಲಿ ಏನು ಕೊರತೆಯಿದೆ, ಏನನ್ನು ಮರೆತು ಬಂದಿದ್ದೇವೆ ಎಂಬುದೆಲ್ಲ ಮನೆಯ ಹತ್ತಿರವೇ ತಿಳಿದುಬರುತ್ತದೆ.

ಎರಡನೆಯ ದಿನ ಬೇಲೆಕೇರಿಗೆ. ಕಾರವಾರದ ತೆಂಕಣಕ್ಕೆ ೨೦೦೫ರಲ್ಲಿ ಕಾರ್ಯಾರಂಭಮಾಡಿದ ನೌಕಾದಳದ ಕದಂಬ ನೆಲೆಯಿರುವುದರಿಂದ ದಡದ ಮಗ್ಗುಲಲ್ಲಿ ಹೋಗುವಂತಿಲ್ಲ. ನಿಷೇಧಿತ ಪ್ರದೇಶವನ್ನು ದೂರ ಬಿಟ್ಟು, ಹೊರಗಡಲಿನಲ್ಲಿ ಸುತ್ತಿ ಹೋಗಬೇಕು. ಈ ಸುತ್ತು ಸೇರಿ ಸುಮಾರು ೩೦ ಕಿಲೋಮೀಟರು. ದಾರಿಯಲ್ಲಿ ಕಾಣುವ ಅಂಜದೀವ ದ್ವೀಪ ಗೋವೆಗೆ ಸೇರಿದ್ದು; ಅದೂ ನೌಕಾದಳದ ವಶದಲ್ಲಿರುವುದರಿಂದ ಅಲ್ಲಿ ಇಳಿಯುವಂತಿಲ್ಲ. ಆದರೆ ಅದರ ಕತೆ ತಿಳಿದಿರಬೇಕು. ೧೪೯೮ರಲ್ಲಿ ವಾಸ್ಕೋ ಡ ಗಾಮ ತನ್ನ ಹಡಗುಗಳನ್ನು ಇಲ್ಲಿ ನಿಲ್ಲಿಸಿದ. ೧೫೦೫ರಲ್ಲಿ ಅಲ್ಮೇಡ ಇಲ್ಲಿ ಕೋಟೆ ಕಟ್ಟಲು ತೊಡಗಿದ. ೧೯೬೧ರ ಡಿಸೆಂಬರಿನಲ್ಲಿ ಗೋವೆಯ ವಿಮೋಚನೆಯ ಕಾಲಕ್ಕೆ ಈ ದ್ವೀಪವನ್ನು ಬಿಡಿಸಿಕೊಳ್ಳುವಾಗ ನಮ್ಮ ನೌಕಾದಳದ ಏಳು ಜನ ಪ್ರಾಣ ಕೊಟ್ಟರು.

ನಮ್ಮ ವಿಷಯಕ್ಕೆ ಹತ್ತಿರವಾದ ಇನ್ನೊಂದು ಪ್ರಸಂಗವೂ ಅಲ್ಲಿ ನಡೆದಿದೆ. ೧೬೬೧ರ ಮದುವೆಯ ಒಪ್ಪಂದದಲ್ಲಿ ಪೋರ್ತುಗೀಸರು ಮುಂಬಯಿಯನ್ನು ಇಂಗ್ಲೆಂಡಿನ ದೊರೆಗೆ ಬಳುವಳಿಯಾಗಿ ಕೊಟ್ಟರಷ್ಟೆ. ಅದನ್ನು ವಹಿಸಿಕೊಳ್ಳಲು ಸರ್ ಅಬ್ರಹಾಂ ಶಿಪ್‌ಮನ್ ಎಂಬವನು ಸುಮಾರು ೪೦೦ ಸೈನಿಕರೊಡನೆ ೧೬೬೨ರಲ್ಲಿ ಬಂದ. ಮುಂಬಯಿಯಲ್ಲಿದ್ದವರು ಬಿಟ್ಟುಕೊಡಲಿಲ್ಲ. ಹೋಗಲು ಬೇರೆ ಜಾಗವಿಲ್ಲದೆ ಅವರು ಅಂಜದೀವದಲ್ಲಿ ಇಳಿದರು. ಕೆಲವು ದಿನದ ತಂಗುವಿಕೆ ಎಂದುಕೊಂಡದ್ದು ಎರಡು ವರ್ಷಕ್ಕೂ ಮಿಕ್ಕಿ ಬೆಳೆಯಿತು. ಮಳೆಗಾಲ ಬಂತು, ರೋಗರುಜಿನ ಬಂತು. ೧೬೬೪ರಲ್ಲಿ ಶಿಪ್‌ಮನ್ ತಾನೇ ಅಲ್ಲಿ ಸತ್ತ. ೧೬೬೫ರಲ್ಲಿ ಮುಂಬಯಿ ಕೈಗೆ ಬಂದಾಗ ಅಲ್ಲಿಗೆ ಹೋಗಲು ಉಳಿದವರು ನೂರರ ಆಸುಪಾಸು. ಬಂದಿಳಿಯುವುದಕ್ಕೆ ಅವರಲ್ಲಿ ಯೋಜನೆಯಿತ್ತು. ಮುಂಬಯಿ ಸಿಗದಿದ್ದರೆ ಏನು ಎಂಬುದಕ್ಕೆ ಇರಲಿಲ್ಲ. ನಡುಗಡ್ಡೆ ನೋಡುವುದಕ್ಕೆ ಎಷ್ಟು ಚೆಲುವೋ ಸಿಕ್ಕಿಕೊಂಡವರಿಗೆ ಅಷ್ಟೇ ಕಠಿಣ ಎಂಬುದನ್ನು ಅವರ ಸಮಾಧಿಗಳು ಹೇಳುತ್ತವೆ.

ಮೂರನೆಯ ದಿನ ಬೆಳಿಗ್ಗೆ ಬೇಲೆಕೇರಿಯಲ್ಲಿ ಇಳಿದು, ೧೯೩೦ರ ಉಪ್ಪಿನ ಸತ್ಯಾಗ್ರಹದಿಂದ ಹೆಸರಾದ ಅಂಕೋಲೆಯನ್ನು ನೋಡಿಬರಬಹುದು. ತರಕಾರಿ, ಕುಡಿಯುವ ನೀರು ತುಂಬಿಕೊಳ್ಳಬಹುದು. ಅವಸರ ಬೇಡ, ಏಕೆಂದರೆ ಅಂದು ನಡುಹಗಲಿನ ತನಕ ಇಳಿತ. ಮಧ್ಯಾಹ್ನ ಹನ್ನೆರಡಕ್ಕೆ ಹೊರಟರೆ ಬೆನ್ನಿಗೆ ಗಾಳಿ. ಗಂಗಾವಳಿಯ ಅಳಿವೆ, ಗೋಕರ್ಣದ ಕಲ್ಲುಗುಡ್ಡಗಳು ಎಡಕ್ಕೆ ಸರಿಯುತ್ತವೆ. ಸುಮಾರು ೨೫ ಕಿಲೋಮೀಟರು ನಡೆದು ಮೂರರ ಹೊತ್ತಿಗೆ ತದಡಿ ಮುಟ್ಟಿದಾಗ ಅಘನಾಶಿನಿಯ ನೀರು ಏರುತ್ತಿರುತ್ತದೆ.

ನಾಲ್ಕನೆಯ ದಿನ ಏಳರ ಹೊತ್ತಿಗೆ, ಉಬ್ಬರದ ಕೊನೆಯಲ್ಲಿ, ತದಡಿಯಿಂದ ಹೊರಟು ಬಸವರಾಜದುರ್ಗಕ್ಕೆ. ಇದೂ ಸುಮಾರು ೨೫ ಕಿಲೋಮೀಟರೇ. ಹೊನ್ನಾವರದ ಎದುರಿಗೆ ಕಡಲಿನಿಂದ ನೇರವಾಗಿ ಎದ್ದು, ತಲೆ ಚಪ್ಪಟೆಯಾಗಿರುವ ಈ ನಡುಗಡ್ಡೆಯ ಮೇಲೆ ಹಳೆಯ ಕೋಟೆಯ ಗೋಡೆಗಳಿವೆ. ಅಲೆಯಿದ್ದರೆ ಬಂಡೆಗಳ ಮೇಲೆ ಇಳಿಯುವ ಸಾಹಸ ಬೇಡ. ಸುತ್ತಿ ನೋಡಿದರೂ ಸಾಕು. ಹನ್ನೊಂದೂವರೆಗೆ ಮರಳಿ ಹೊರಟರೆ, ಎದುರುಗಾಳಿಯಲ್ಲಿ ಸ್ವಲ್ಪ ತಡವಾದರೂ, ಮೂರರ ಸುಮಾರಿಗೆ ಮತ್ತೆ ತದಡಿಯ ಏರುನೀರು ಸಿಗುತ್ತದೆ.

ಇಲ್ಲಿ ಓದುಗರು ಕೇಳಬಹುದು: ಅಷ್ಟು ದೂರ ಹೋಗಿ ನೇತ್ರಾಣಿಯನ್ನು ಬಿಟ್ಟುಬರುವುದೆ? ಹೌದು, ಈ ವಾರದ ಪಟ್ಟಿಯಿಂದ ಅದನ್ನು ತೆಗೆಯಬೇಕು. ನೇತ್ರಾಣಿ ಚೆಲುವಾದದ್ದು, ನಿಜ. ಹವಳ, ಬಣ್ಣಬಣ್ಣದ ಮೀನು, ಬಂಡೆಯ ಮೇಲೆ ಗೂಡು ಕಟ್ಟುವ ಕಡಲಹದ್ದು ಎಲ್ಲವೂ ಅಲ್ಲಿವೆ. ಆದರೆ ಅದು ದಡದಿಂದ ಸುಮಾರು ೧೯ ಕಿಲೋಮೀಟರು ಒಳಗಿದೆ. ಅದನ್ನು ಸೇರಿಸಿಕೊಂಡರೆ ಮರಳುವ ದಾರಿ ಎದುರುಗಾಳಿಯಲ್ಲಿ ೯೦ ಕಿಲೋಮೀಟರಾಗುತ್ತದೆ; ಕೈಯಲ್ಲಿ ಉಳಿಸಿಕೊಂಡ ದಿನವೆಲ್ಲ ಅದಕ್ಕೇ ಕರಗುತ್ತದೆ. ಮುರುಡೇಶ್ವರದಿಂದ ಪರವಾನಗಿ ಪಡೆದ ದೋಣಿಗಳು ಹವೆ ನೋಡಿ ಅಲ್ಲಿಗೆ ಹೋಗಿಬರುತ್ತವೆ. ಬೇರೊಂದು ಬಾರಿ ರಸ್ತೆಯಲ್ಲಿ ಮುರುಡೇಶ್ವರಕ್ಕೆ ಹೋಗಿ ಅಲ್ಲಿಂದಲೇ ನೋಡಿಬನ್ನಿ. ಏನನ್ನು ಬಿಡಬೇಕೆಂದು ತಿಳಿಯುವುದು ಯೋಜನೆಯ ಅರ್ಧ ಭಾಗ.

ಐದನೆಯ ದಿನ ಬಿಡುವು. ಅಘನಾಶಿನಿಯ ಹಿನ್ನೀರಿನಲ್ಲಿ ಕಾಂಡ್ಲಾ ಗಿಡಗಳ ನಡುವೆ ಸಣ್ಣ ದೋಣಿಯಲ್ಲಿ ತಿರುಗಾಡಿ; ಇಳಿತದಲ್ಲಿ ಹೆಂಗಸರು ಗಂಡಸರು ಬಳಚು ಆರಿಸುವುದನ್ನು ನೋಡಿ; ಸಾಣಿಕಟ್ಟೆಯ ಉಪ್ಪಿನ ಗದ್ದೆಗಳಿಗೆ ಹೋಗಿಬನ್ನಿ. ಆರನೆಯ ದಿನ ಬೆಳಗಿನ ಜಾವ ಮೂಡುಗಾಳಿ ಇರುವಾಗಲೇ ಹೊರಟು ಒಂಬತ್ತರೊಳಗೆ ಬೇಲೆಕೇರಿ. ಏಳನೆಯ ದಿನ ಆರಕ್ಕೆ ಬೇಲೆಕೇರಿ ಬಿಟ್ಟರೆ ಒಂಬತ್ತಕ್ಕೆ ಕಾಳಿಯ ಅಳಿವೆ. ಉಬ್ಬರ ತುಂಬುವುದಕ್ಕೆ ಇನ್ನೂ ಒಂದು ಗಂಟೆಯಿರುತ್ತದೆ. ನೀರೂ ನೀವೂ ಜೊತೆಯಾಗಿ ಒಳಗೆ ಬರುತ್ತೀರಿ.

ಸಾಮಾನಿನ ಲೆಕ್ಕ ದೊಡ್ಡದಲ್ಲ. ಕುಡಿಯಲು, ಅಡಿಗೆಗೆ ತಲೆಗೆ ದಿನಕ್ಕೆ ಐದು ಲೀಟರು ನೀರೆಂದರೆ ಆರು ಜನಕ್ಕೆ ಏಳು ದಿನಕ್ಕೆ ೨೧೦ ಲೀಟರು. ಅದರ ಮೇಲೆ ಅರ್ಧದಷ್ಟನ್ನು ಆಪತ್ತಿಗೆಂದು ಸೇರಿಸಿ, ೩೧೫ ಲೀಟರಿಗೆ ಕಡಿಮೆಯಾಗದಂತೆ ಜಾಗ ಮಾಡಿಕೊಳ್ಳಿ. ಒಂದೇ ಪೀಪಾಯಿಯಲ್ಲಿ ತುಂಬದೆ ಹಲವು ಡಬ್ಬಿಗಳಲ್ಲಿ ತುಂಬಿ. ಎಣ್ಣೆಗೆ ಹಳೆಯ ಸೂತ್ರವೊಂದಿದೆ: ಮೂರರಲ್ಲಿ ಒಂದು ಪಾಲು ಹೋಗುವುದಕ್ಕೆ, ಒಂದು ಪಾಲು ಬರುವುದಕ್ಕೆ, ಒಂದು ಪಾಲು ಮುಟ್ಟದೆ ಇಡುವುದಕ್ಕೆ. ಒಲೆ ಹಚ್ಚಲಾಗದ ದಿನಕ್ಕೆ ಅವಲಕ್ಕಿ, ಬೆಲ್ಲ, ಬಾಳೆಹಣ್ಣು. ತಲೆಸುತ್ತಿಗೆ, ಬಿಸಿಲಿಗೆ ಮುರುಗಲಿನ ಪಾನಕ. ನಿತ್ಯದ ಔಷಧಗಳಿದ್ದರೆ ಎರಡು ಕಡೆ ಹಂಚಿಡಿ. ನಡುಗಡ್ಡೆಗೆ ಕೊಂಡೊಯ್ದ ಒಂದು ಕಾಗದವೂ ಅಲ್ಲಿ ಉಳಿಯದಂತೆ ಮರಳಿ ತನ್ನಿ.

ಹೊರಡುವ ಮೊದಲು ಬಂದರು ಕಚೇರಿಗೂ ಕರಾವಳಿ ಕಾವಲು ಪೊಲೀಸರಿಗೂ ತಿಳಿಸಿ, ಎಲ್ಲಿ ಇಳಿಯಲು ಅಪ್ಪಣೆಯಿದೆ, ಎಲ್ಲಿ ಇಲ್ಲ ಎಂದು ಕೇಳಿ ಬರೆದುಕೊಳ್ಳಬೇಕು. ದೋಣಿಯ ಹೆಸರು, ಜನರ ಹೆಸರು, ದಿನದಿನದ ತಂಗುದಾಣ, ಮರಳುವ ಗಂಟೆ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ದಡದಲ್ಲಿರುವ ನಂಬಿಕೆಯ ಒಬ್ಬರ ಕೈಗೆ ಕೊಡಿ. ಇಂತಿಷ್ಟು ಹೊತ್ತಿನವರೆಗೆ ಸುದ್ದಿ ಬಾರದಿದ್ದರೆ ತಟರಕ್ಷಕ ದಳದ ೧೫೫೪ ಸಂಖ್ಯೆಗೆ ತಿಳಿಸಬೇಕೆಂದು ಹೇಳಿಡಿ. ಬೆಳಿಗ್ಗೆ ಸಂಜೆ ಹವಾ ವರದಿಯನ್ನು ಕೇಳದೆ ಲಂಗರೆತ್ತಬೇಡಿ. ಆಕಾಶವಾಣಿಯಲ್ಲಿ ಮೀನುಗಾರರಿಗೆಂದು ಓದುವ ಎ‌ಚ್ಚರಿಕೆ ನಿಮಗೂ ಅನ್ವಯಿಸುತ್ತದೆ. ಕಡಲಿನಲ್ಲಿ ಎದುರಾಗುವ ಮೀನುಗಾರರ ಬಲೆಗೆ ದಾರಿ ಬಿಟ್ಟು ಹೋಗಿ. ೨೦೨೪ರ ಆಗಸ್ಟ್ ೭ರ ನಡುರಾತ್ರಿ ಕಾಳಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ಹೊಳೆಗೆ ಬಿದ್ದಾಗ ಚಾಲಕನನ್ನು ಉಳಿಸುವುದಕ್ಕೆ ಪೊಲೀಸರ ಜೊತೆಗೆ ಕೈಹಾಕಿದವರು ಇಲ್ಲಿಯ ಮೀನುಗಾರರೇ. ನಿಮ್ಮ ಕಷ್ಟಕ್ಕೂ ಮೊದಲು ಒದಗುವವರು ಅವರೇ.

ಇಷ್ಟೆಲ್ಲ ಮಾಡಿದ ಮೇಲೂ ಹೊರಡುವ ದಿನ ಕಡಲು ಬೇಡವೆಂದರೆ? ಆಗ ದೋಣಿಯನ್ನು ಮೂಡಣಕ್ಕೆ ತಿರುಗಿಸಿ ಕಾಳಿಯಲ್ಲಿಯೇ ಮೇಲೆ ಹೋಗಿ. ಕವಿ ರವೀಂದ್ರನಾಥ ಠಾಕೂರರು ಸುಮಾರು ೨೨ರ ಹರೆಯದಲ್ಲಿ, ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರೊಡನೆ ಕಾರವಾರದಲ್ಲಿ ಇದ್ದಾಗ ಹಾಗೆಯೇ ಒಂದು ಬೆಳದಿಂಗಳ ರಾತ್ರಿ ಸಣ್ಣ ದೋಣಿಯಲ್ಲಿ ಈ ಹೊಳೆಯನ್ನೇರಿ ಹೋಗಿದ್ದರು. "ಪ್ರಕೃತಿರ ಪ್ರತಿಶೋಧ" ನಾಟಕವನ್ನು ಅವರು ಬರೆದದ್ದು ಕಾರವಾರದಲ್ಲಿಯೇ. ಆ ರಾತ್ರಿಯ ವಿಷಯವನ್ನು ಅವರು ತಮ್ಮ ನೆನಪುಗಳಲ್ಲಿ ಹೇಳಿದ್ದಾರೆ. ಮರಳುವಾಗ ಅಳಿವೆಗೆ ಬರುವುದಕ್ಕೇ ಬಹಳ ಹೊತ್ತಾಯಿತು. ಕಡಲಿನ ಮೇಲೆ ಹೋಗುವ ಬದಲು ಅವರೆಲ್ಲ ಅಲ್ಲಿಯೇ ದೋಣಿಯಿಂದಿಳಿದು, ಮರಳಿನ ಮೇಲೆ ನಡೆದುಕೊಂಡು ಮನೆ ಸೇರಿದರು. ಅದರಿಂದ ಆ ರಾತ್ರಿಯ ಚೆಲುವು ಕಡಿಮೆಯಾಗಲಿಲ್ಲ. ನಡೆದು ಬಂದ ಆ ಮರಳಿನ ದಾರಿಯೂ ಅವರ ನೆನಪಿನಲ್ಲಿ ಉಳಿಯಿತು. ದೋಣಿಯಿಂದ ಇಳಿದು ನಡೆಯುವ ದಾರಿಯೊಂದನ್ನು ನಿಮ್ಮ ಯೋಜನೆಯಲ್ಲಿಯೂ ಬರೆದಿಟ್ಟುಕೊಳ್ಳಿ.